ಕಂಟ್ರೋಲ್ ಕೀ ಮತ್ತು ನನ್ನ ಎಡಗೈ

ಕೈ ಆಡಿಸದೆ ನಮ್ಮ ವಂಶದವರಿಗೆ ಮಾತು ಹೊರಡುವುದಿಲ್ಲ. ನಮ್ಮ ತಾತ ಯಳಂದೂರಿನ ಬಸ್ಸಿನಲ್ಲಿ ನಿಂತುಕೊಂಡು, ಆನೆ ಅಟ್ಟಿಸಿಕೊಂಡು ಬಂದ ಕತೆ ಹೇಳುತ್ತಾ, ಸೊಂಡಿಲು ತೋರಿಸಲು ಕಂಬಿ ಬಿಟ್ಟು, ಗುರುತಿಲ್ಲದವರ ತೊಡೆಯ ಮೇಲೆ ಕೂತೇ ಕತೆ ಮುಗಿಸಿದವರು. ಆ ಗುಣ ಮಾತ್ರ ಪಾಲಾಗದೆ ಇಡಿಯಾಗಿ ನನಗೆ ಬಂದಿದೆ. ಅದರಿಂದ ತೊಂದರೆಯೇನೂ ಇರಲಿಲ್ಲ, ಮಗಳ ಮದುವೆಯ ಫೋಟೋಗಳು ಕಂಪ್ಯೂಟರಿನೊಳಗೆ ಹೋಗುವವರೆಗೆ.

ಕೊಳ್ಳೇಗಾಲದ ಸ್ಟುಡಿಯೋ ಶಿವಣ್ಣ ಆಗಷ್ಟೇ ಡಿಜಿಟಲ್ ಕ್ಯಾಮೆರಾ ತಂದಿದ್ದ. ಆಲ್ಬಮ್ಮಿಗೆ ಬೇಕಾದ ಫೋಟೋಗಳನ್ನು ನಾವೇ ಆರಿಸಬೇಕು. "ಸಾ, ಎಡಗೈಲಿ ಈ ಕಂಟ್ರೋಲ್ ಕೀ ಒತ್ತಿ ಇಡ್ಕಂಡು ಬೇಕಾದ್ದರ ಮ್ಯಾಲೆ ಕ್ಲಿಕ್ ಮಾಡ್ಕಂಡ್ ಓಗಿ. ಕೀ ಬುಟ್ಟು ಕ್ಲಿಕ್ ಮಾಡುದ್ರೆ ಆರ್ಸಿದ್ದೆಲ್ಲ ಓಯ್ತದೆ" ಎಂದು ನನ್ನನ್ನು ಕೂರಿಸಿ, ಇನ್ಯಾರದೋ ಫೋಟೋ ತೆಗೆಯಲು ಒಳಗೆ ಹೋದ.

ಪಕ್ಕದಲ್ಲಿದ್ದ ನನ್ನ ಹೆಂಡತಿಗೆ ಅವಳ ಅಣ್ಣನದೇ ಚಿಂತೆ. ಹನೂರಿನ ಮಾದಪ್ಪ ಭಾವನನ್ನು ಮದುವೆಯಲ್ಲಿ ಯಾರೂ ಊಟಕ್ಕೆ ಏಳಿ ಅನ್ನಲಿಲ್ಲವಂತೆ. ಕಡೇ ಪಂಕ್ತಿಯಲ್ಲಿ ಉಂಡು ಹೋದವರು ಮತ್ತೆ ನಮ್ಮ ಮನೆ ಕಡೆ ತಲೆ ಹಾಕಿರಲಿಲ್ಲ. ಕ್ಯಾಮೆರಾಕ್ಕೆ ಸಿಕ್ಕಿದ್ದೂ ಒಂದೇ ಸಲ, ಎಲೆಯ ಮುಂದೆ, ಮುಖ ಊದಿಸಿಕೊಂಡು. "ಆಲ್ಬಮ್ನಲ್ಲೂ ಅಣ್ಣ ಇಲ್ದೆ ಓದ್ರೆ ನನ್ ತವರು ಮುಗೀತು ಕಣ್ರಿ" ಎಂದಳು.

ನಾನು ಶುರು ಮಾಡಿದೆ. ಅಡುಗೆಯವರ ಫೋಟೋ ಬಂತು, ಅವರ ಸಾರಿನ ಕತೆ ನೆನಪಾಯಿತು, ಎಡಗೈ ಮೇಲೆದ್ದಿತು, ಬಲಗೈ ಕ್ಲಿಕ್ ಅಂದಿತು. ಆರಿಸಿದ್ದೆಲ್ಲ ಹೋಯಿತು. ಮತ್ತೆ ಆರಿಸಿದೆ, ಬೀಗರ ಪೇಟ ಬಂತು, ಅದೂ ಹೋಯಿತು. "ಬುಡಿ, ಕೀ ನಾನ್ ಇಡ್ಕಂಡಿರ್ತೀನಿ. ಮೊದ್ಲು ಅಣ್ಣುಂದ್ ಒತ್ತಿ" ಎಂದು ಹೆಂಡತಿ ಕೀಲಿಯ ಮೇಲೆ ಹೆಬ್ಬೆರಳೂರಿ ಕೂತಳು. ಭಾವನ ಮೇಲೆ ಒತ್ತಿದೆ. ಅವರು ಸೈಕಲ್ ಸಮೇತ ಕೆರೆಗೆ ಜಾರಿದ್ದು ನೆನಪಾಗಿ, ಒತ್ತಿದ ಬೆರಳು ಎತ್ತದೆ ಮೌಸನ್ನೇ ಜಾರಿಸಿ ತೋರಿಸಿದೆ.

ಸಾಲಿನ ಕೊನೆಗೆ ಬಂದಾಗ ಹೆಂಡತಿ ಕೂಗಿಕೊಂಡಳು: "ಅಯ್ಯೋ, ಅಣ್ಣುಂದು ಇನ್ನೊಂದೈತೆ!" ಖುಷಿಯಿಂದ ಅದನ್ನೂ ಒತ್ತಿದೆ. ಕಂಟ್ರೋಲ್ ಕೀ ಒತ್ತಿರುವಾಗ ಮೌಸನ್ನು ಹಾಗೆ ಜಾರಿಸಿದರೆ ಫೋಟೋಕ್ಕೊಂದು ನಕಲು ಹುಟ್ಟುತ್ತದೆಂದು ಶಿವಣ್ಣ ಹೇಳಿದ್ದು ಆಲ್ಬಮ್ ಕೈಗೆ ಬಂದ ಮೇಲೆ.

ಹೆಂಡತಿ ಹೇಳಿ ಕಳಿಸಿದ್ದಕ್ಕೆ ಭಾವ ಬಿಗುವಾಗಿಯೇ ಬಂದರು. ಹಾಳೆ ತಿರುವಿದರು. ಅದೇ ಎಲೆ, ಅದೇ ಊದಿದ ಮುಖ, ಎರಡು ಕಡೆ. "ಏನ್ ಭಾವ, ನಂದೊಬ್ಬಂದೇ ಎಲ್ಡು ಆಕ್ಸಿದೀರಿ?" ನಾನು ಮೌಸಿನ ವಿಷಯ ವಿವರಿಸಲು ಕೈ ಎತ್ತಿದೆ, ಹೆಂಡತಿ ಆ ಕೈಗೆ ಪಾಯಸದ ಪಾತ್ರೆ ಕೊಟ್ಟಳು. "ಉಣ್ಣಾಕ್ ಏಳಣ್ಣ" ಎಂದಳು. ಭಾವ ಎದ್ದರು, ಎರಡು ಸಲ ಪಾಯಸ ಹಾಕಿಸಿಕೊಂಡರು.

ಉಂಡು ಬಂದು ಮತ್ತೆ ಆಲ್ಬಮ್ ಬಿಡಿಸಿ ಕೇಳಿದರು: "ಅಲ್ಲಾ, ಎಣ್ಣಿನಪ್ಪ ಎಲ್ಲಿ?"

ಎಲ್ಲರೂ ಸೇರಿ ನನ್ನನ್ನು ಹುಡುಕಿದೆವು. ಧಾರೆಯ ಫೋಟೋದಲ್ಲಿ, ಪುರೋಹಿತರಿಗೆ ಏನೋ ಹೇಳುತ್ತಾ ಎತ್ತಿದ ನನ್ನ ಅಂಗೈ ಬಹಳ ಚೆನ್ನಾಗಿ ಬಂದಿದೆ. ಅದರ ಹಿಂದೆ ನಾನಿದ್ದೇನೆ.