ಬಚ್ಚಲುಮನೆಯ ಗೂಡು

ಬಚ್ಚಲುಮನೆಯ ಗೋಡೆಯಲ್ಲಿ ಇದ್ದದ್ದು ಒಂದೇ ಗೂಡು. ಮದುವೆಯಾದ ಲಾಗಾಯ್ತು ಅದು ತಮ್ಮ ಸಾಮ್ರಾಜ್ಯವೆಂದೇ ಚನ್ನಲಿಂಗಪ್ಪ ನಂಬಿದ್ದರು. ಅವರ ರೇಜರು, ಬ್ರಶ್ಶು, ಶೇವಿಂಗ್ ಕ್ರೀಮು ಮೂವತ್ತೈದು ವರ್ಷ ಅಲ್ಲಿ ನೆಮ್ಮದಿಯಾಗಿ ಬಾಳಿದ್ದವು. ಹೆಂಡತಿ ಸರ್ವಮಂಗಳಮ್ಮನ ಹಿಮ್ಮಡಿ ಒಡೆಯಿತು ನೋಡಿ, ಕಾಲಿನ ಕ್ರೀಮು, ಕೈಯ ಕ್ರೀಮು, ಮುಖದ ಕ್ರೀಮು ಎಂದು ಡಬ್ಬಿಗಳು ದಂಡೆತ್ತಿ ಬಂದವು. ಒಂದು ಬೆಳಿಗ್ಗೆ ಅರ್ಧ ಗಡ್ಡ ಬೋಳಿಸಿ ಕೈ ಚಾಚಿದರೆ ಬ್ರಶ್ಶು ಬಕೆಟ್ಟಿನಲ್ಲಿ ಈಜುತ್ತಿತ್ತು.

ಜಗಳವಾಡಿ ಗೆದ್ದ ಇತಿಹಾಸ ಅವರಿಗಿರಲಿಲ್ಲ. ವಿಜ್ಞಾನದಿಂದಲೇ ಹೊಡೆಯಬೇಕೆಂದು ಕನ್ನಡಕ ಏರಿಸಿ ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದರು. ಸ್ಟಿಯರಿಕ್ ಆಸಿಡ್ ಅಂತಿತ್ತು. ಅವರ ತಮ್ಮನ ಮಗ ರುದ್ರಪ್ರಸಾದ್ ಬಿಡದಿಯ ಕಡೆ ಅದನ್ನೇ ತಯಾರಿಸುವ ಫ್ಯಾಕ್ಟರಿಯಲ್ಲಿದ್ದ. ಭಾನುವಾರ ಅವನನ್ನು ಊಟಕ್ಕೆ ಕರೆಸಿದರು.

"ಅದನ್ನ ಹೆಂಗ್ ಮಾಡ್ತಾರೆ ಅಂತ ನಿಮ್ಮ ದೊಡ್ಡಮ್ಮಂಗೆ ಒಸಿ ಬುಡಿಸಿ ಹೇಳ್ಲಾ ಮಗ."

"ಕೊಬ್ಬೋ ಎಣ್ಣೆನೋ, ನೀರಿನ ಜತೆ ಕಂಬದಂಗಿರೋ ಪಾತ್ರೆಗೆ ಬುಟ್ಟು ಹಬೆ ಕೊಡ್ತೀವಿ ದೊಡ್ಡಮ್ಮ. ಆ ಒತ್ತಡಕ್ಕೆ ನಿಮ್ಮ ಕುಕ್ಕರ್ ಏನೂ ಅಲ್ಲ. ಎಣ್ಣೆ ಎರಡಾಗಿ ಒಡೀತದೆ. ಗ್ಲಿಸರಿನ್ ನೀರಿನ ಜತೆ ಕೆಳಕ್ಕೆ, ಆಸಿಡ್ ಮೇಲಕ್ಕೆ. ಅದಕ್ಕೆ ಹೈಡ್ರೋಜನ್ ಕೊಟ್ಟು, ಬಟ್ಟಿ ಇಳಿಸಿ ತಣ್ಣಗೆ ಮಾಡುದ್ರೆ ಸಬ್ಬಕ್ಕಿ ಥರ ಬೆಳ್ಳಗೆ ಉದುರ್ತದೆ."

"ಕೊಬ್ಬು ಅಂದ್ಯಲ್ಲ, ಯಾತರ ಕೊಬ್ಬು?"

"ಪ್ರಾಣೀದೂ ಆಯ್ತದೆ ದೊಡ್ಡಪ್ಪ. ಆದ್ರೆ ನಮ್ಮಲ್ಲಿ..."

"ಸಾಕು ಸುಮ್ಕಿರು. ಹಿರಿಯರು ಮಾತಾಡುವಾಗ ಬಾಯಿ ಹಾಕಬಾರ್ದು." (ಕೇಳಿದವರು ಅವರೇ.) ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಲಿಂಗಪೂಜೆ ಮಾಡೋ ಮನೇಲಿ ಇಂಥವು ಇರಬೌದಾ?"

ಸರ್ವಮಂಗಳಮ್ಮ ಸಾರಿನ ಸೌಟು ಕೆಳಗಿಟ್ಟರು. "ಇರಬಾರ್ದು ಕಣ್ರೀ. ಅಲ್ಲ ರುದ್ರ, ಅದನ್ನ ಇನ್ನೂ ಯಾತ್ಯಾತಕ್ಕೆ ಹಾಕ್ತಾರಪ್ಪ?"

ತನ್ನ ಕೆಲಸದ ಬಗ್ಗೆ ಯಾರೋ ಕೇಳಿದರಲ್ಲ ಎಂದು ಹುಡುಗ ಹಿಗ್ಗಿದ. "ಸೋಪಿಗೆ, ಮೇಣದಬತ್ತಿಗೆ, ಮಾತ್ರೆಗೆ. ಶೇವಿಂಗ್ ಕ್ರೀಮಿಗಂತೂ ಅದೇ ಜೀವಾಳ. ರಬ್ಬರ್ ಬೇಯಿಸೋವಾಗ್ಲೂ ಹಾಕ್ತಾರೆ, ಟೈರಿಗೆ, ಚಪ್ಪಲಿಗೆ."

ಚನ್ನಲಿಂಗಪ್ಪನವರು ಮುರಿದ ಮುದ್ದೆಯನ್ನು ಮತ್ತೆ ತಟ್ಟೆಗೇ ಹಾಕಿದರು.

ಸಂಜೆಯೊಳಗೆ ಗೂಡು ಸಂಪೂರ್ಣ ಅವರದಾಯಿತು. ಇಡಲು ರೇಜರು, ಬ್ರಶ್ಶು ಬಿಟ್ಟು ಏನೂ ಉಳಿದಿರಲಿಲ್ಲ. ಸ್ಕೂಟರಿನ ಬೀಗದ ಕೈ ದೇವರ ಫೋಟೋದ ಹಿಂದೆ ಹೋಯಿತು. ಹವಾಯಿ ಚಪ್ಪಲಿ ಅಟ್ಟ ಸೇರಿತು. ಬಿ.ಪಿ. ಮಾತ್ರೆಗೆ ಮಾತ್ರ ವಿನಾಯಿತಿ. ಔಷಧಕ್ಕೆ ಮೈಲಿಗೆ ಇಲ್ಲವಂತೆ. ಸೀರೆಯ ನೆರಿಗೆ ನೆಲ ಗುಡಿಸುವಂತೆ ಉಟ್ಟು, ಸರ್ವಮಂಗಳಮ್ಮ ಮಾತ್ರ ಒಂದು ಗೊಣಗೂ ಇಲ್ಲದೆ ಓಡಾಡಿಕೊಂಡಿದ್ದರು.

ಚನ್ನಲಿಂಗಪ್ಪನವರದು ಹಾಲಿಗೆ, ಸೊಪ್ಪಿಗೆ, ಎಲ್ಲಕ್ಕೂ ಬರಿಗಾಲು. ಗಡ್ಡವೂ ಬೆಳೆಯಿತು. ಪಕ್ಕದ ಬೀದಿಯ ಅಸ್ಗರ್ ನಿಲ್ಲಿಸಿ, "ಏನ್ ಸ್ವಾಮಿ, ಶ್ರೀಶೈಲಕ್ಕೆ ಹರಕೆಯಾ?" ಎಂದ. ಇದೆಲ್ಲ ಸಹಿಸಬಹುದಿತ್ತು. ಆದರೆ ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿನ್ನದಿದ್ದರೆ ಅವರ ವಾರವೇ ಹುಟ್ಟುತ್ತಿರಲಿಲ್ಲ. ರೈಲಿಗೆ ಟೈರಿಲ್ಲವೆಂದು ಹೊಳೆದದ್ದೇ, ಬರಿಗಾಲಲ್ಲಿ ಸ್ಟೇಷನ್ನಿಗೆ ಓಡಿದರು. ರೈಲು ಇವರಿಗಾಗಿ ಕಾಯಲಿಲ್ಲ.

ವಾಪಸು ಬಂದು ಜಗಲಿಯಲ್ಲಿ ಕೂತು ಕಾಲು ತಿರುಗಿಸಿ ನೋಡಿದರೆ, ಎರಡೂ ಹಿಮ್ಮಡಿ ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟಿದ್ದವು.

ಸರ್ವಮಂಗಳಮ್ಮ ಒಳಗೆ ಹೋಗಿ ಅಕ್ಕಿ ಡ್ರಮ್ಮಿನ ಹಿಂದಿನಿಂದ ಒಂದು ಡಬ್ಬಿ ತಂದರು. ಅರ್ಧ ಖಾಲಿಯಾಗಿತ್ತು. ಅವರು ಎದುರಿಗೆ ಕುಕ್ಕರುಗಾಲಲ್ಲಿ ಕೂತಾಗ ನೆರಿಗೆ ಸರಿಯಿತು. ಹಿಮ್ಮಡಿ ಬೆಣ್ಣೆಯಂತೆ ಹೊಳೆಯುತ್ತಿತ್ತು.

"ಹಚ್ಕೊಳಿ. ಇವೆಲ್ಲ ತಾಳೆ ಎಣ್ಣೇದಂತೆ, ಪ್ರಾಣಿ ಕೊಬ್ಬಲ್ವಂತೆ. ಈ ಡಬ್ಬಿಗೂ, ನಿಮ್ಮ ಆ ಕ್ರೀಮಿಗೂ, ಟೈರಿಗೂ ಆ ಆಸಿಡ್ ರುದ್ರನ ಫ್ಯಾಕ್ಟರಿಯಿಂದ್ಲೇ ಹೋಗೋದಂತೆ."

"ಯಾರೇ ಹೇಳಿದ್ದು?"

"ರುದ್ರನೇ. ಅವತ್ತು ಗೇಟಿನ ತಾವ, ಹೋಗೋವಾಗ. ನೀವು ಸುಮ್ಕಿರು ಅಂದ್ರಲ್ಲ, ಮಿಕ್ಕಿದ್ದನ್ನ ನಾನು ಕೇಳ್ಕೊಂಡೆ."

"ಅವತ್ತೇ ಗೊತ್ತಿತ್ತಾ? ಮತ್ತೆ ಎಂಟು ದಿನ ನನ್ನ ಬರಿಗಾಲಲ್ಲಿ ನಡೆಸಿದ್ಯಲ್ಲೇ."

"ಮನೆ ಶುದ್ಧ ಮಾಡಕ್ಕೆ ಹೊರಟೋರು ನೀವು. ಹಿರಿಯರು ಮಾತಾಡುವಾಗ ನಾನ್ಯಾಕೆ ಬಾಯಿ ಹಾಕ್ಲಿ?"

ಮರುದಿನ ಡಬ್ಬಿಗಳೆಲ್ಲ ಗೂಡಿಗೆ ಮರಳಿದವು. ಹಿಮ್ಮಡಿಯ ಕ್ರೀಮು ಮಾತ್ರ ಈಗ ಎರಡು ಡಬ್ಬಿ. ಎರಡನೆಯದಕ್ಕೆ ಜಾಗ ಸಾಲದೆ, ಚನ್ನಲಿಂಗಪ್ಪನವರೇ ತಮ್ಮ ಬ್ರಶ್ಶನ್ನು ಎತ್ತಿ ಕಿಟಕಿಯ ಸರಳಿಗೆ ಸಿಕ್ಕಿಸಿದರು.