ಏಳು ತೂತಿನ ನಿಶಾನೆ

ಕೆಲಸ ಚೆನ್ನಾಗಿ ಮಾಡಿದ್ದೇ ದುಂಡಪ್ಪನ ತಪ್ಪಾಯಿತು.

ಖಾಸಬಾಗದಲ್ಲಿ ರಫೂ ಅಂದರೆ ದುಂಡಪ್ಪ. ಬಟ್ಟೆಯ ಮಗ್ಗುಲಿಂದಲೇ ಎಳೆ ಕದ್ದು ತೂತು ಮುಚ್ಚಿದನೆಂದರೆ, ಅದೆಲ್ಲಿತ್ತೆಂದು ಆಮೇಲೆ ಅವನಿಗೇ ಸಿಗುತ್ತಿರಲಿಲ್ಲ. ಆದರೆ ಎಪ್ಪತ್ತೆಂಟನೇ ಇಸವಿಯ ಹೊತ್ತಿಗೆ ಟೆರಿಲಿನ್ ಬಂದು, ಹರಿಯದ ಬಟ್ಟೆಯ ಮುಂದೆ ಅವನ ಸೂಜಿ ನಿರುದ್ಯೋಗಿಯಾಗಿತ್ತು. ಹೆಂಡತಿ ಸಂಗವ್ವನ ತಮ್ಮ ನಾಗಲಿಂಗ, ಅಂಗಡಿ ಮುಚ್ಚಿ ಖಾನಾಪುರದ ತನ್ನ ಹಂಚಿನ ಕಾರ್ಖಾನೆಗೆ ಹಂಚು ಒಟ್ಟಲು ಬಾ ಎಂದು ಕಾಗದದ ಮೇಲೆ ಕಾಗದ ಬರೆಯುತ್ತಿದ್ದ.

ಅಷ್ಟರಲ್ಲಿ ಮಿಲಿಟರಿ ಕ್ಯಾಂಪಿನ ಸುಭೇದಾರ ಕಲ್ಲಯ್ಯ ಒಂದು ಗಂಟು ತಂದ. ಹೆಸರಾಂತ ಜನರಲ್ ಸಾಹೇಬರು ಯುದ್ಧದಲ್ಲಿ ಜೀಪಿಗೆ ಕಟ್ಟಿಕೊಂಡಿದ್ದ ನಿಶಾನೆ. ಅಂಚು ಬಿಚ್ಚಿತ್ತು, ನಡುವೆ ಏಳು ತೂತು.

"ರಿಪೇರಿ ಮಾಡಿಡ್ರಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಪಾಸಾತಂದ್ರ ಇಡೀ ಪಲ್ಟಣದ ರಫೂ ನಿಮಗ."

ನಾಲ್ಕು ದಿನ ಕೂತು ದುಂಡಪ್ಪ ಏಳನ್ನೂ ಮುಚ್ಚಿದ. ಶನಿವಾರ ಸಂಜೆ ಸುಭೇದಾರ ಬರುವವನು. ಅಂದು ಬೆಳಿಗ್ಗೆ ಹೊಟ್ಟೆಯೊಳಗೆ ಗುಟ್ಟು ಹುಳಿಯೇರಿ, ಪಕ್ಕದ ಮನೆಯ ಪಾರೀಸ ಮಾಸ್ತರರಿಗೆ ತೋರಿಸಿಬಿಟ್ಟ. ಮಾಸ್ತರರು ಶಾಲೆಯಿಂದ ನಿವೃತ್ತರಾಗಿದ್ದರು, ಇತಿಹಾಸದಿಂದಲ್ಲ. ತೂತಿದ್ದವೆಂದು ಕೇಳಿದ್ದೇ ಗೋಡೆ ಹಿಡಿದು ಕುಳಿತರು.

"ಅವು ಗುಂಡಿನ ತೂತೋ ಹುಚ್ಚಪ್ಪಾ. ಅಂಚು ಹೊಲಿ ಅಂತ ಕೊಟ್ರ ಯುದ್ಧಾನೇ ಹೊಲದು ಇಟ್ಟೀಯಲ್ಲೋ."

ದುಂಡಪ್ಪ ಕತ್ತರಿ ಹಿಡಿದ. ಮೂವತ್ತು ವರ್ಷ ತೂತು ಮುಚ್ಚಿದ ಕೈ, ತೂತು ಮಾಡಲು ಏಳಲಿಲ್ಲ. ಸುಟ್ಟೇ ತೂತು ಮಾಡೋಣವೆಂದು ಸಂಗವ್ವ ಊದಿನಕಡ್ಡಿ ಹಚ್ಚಿಕೊಂಡು ಬಂದಳು. ಗುಂಡಿನ ತೂತಿಗೆ ಗುಂಡೇ ಬೇಕು, ಊದಿನಕಡ್ಡಿಯ ವಾಸನೆ ಬಂದರೆ ಜನರಲ್ ಸಾಹೇಬರು ಯುದ್ಧ ಮಾಡಿದ್ದು ಮಠದಲ್ಲೇನು ಎಂದು ಮಾಸ್ತರರು ಅದನ್ನು ಆರಿಸಿದರು. ನಾಗಲಿಂಗನ ಹತ್ತಿರ ಕಾಡುಹಂದಿ ಓಡಿಸುವ ಬಂದೂಕಿತ್ತು.

ಹನ್ನೊಂದರ ಬಸ್ಸಿನಲ್ಲಿ ದುಂಡಪ್ಪ ಗಂಟನ್ನು ಎದೆಗವಚಿಕೊಂಡು, ಹೆರಿಗೆ ಮನೆಯಿಂದ ಕೂಸು ಕದ್ದವನ ಹಾಗೆ ಎಲ್ಲರ ಮುಖ ನೋಡುತ್ತ ಖಾನಾಪುರ ಮುಟ್ಟಿದ. ಕಾರ್ಖಾನೆಯ ಹಿಂದೆ ನಿಶಾನೆ ಹಗ್ಗಕ್ಕೇರಿತು. ಏಳೇ ಆಗಬೇಕು ಎಂದ ದುಂಡಪ್ಪ.

"ಛರ್ರಾದ ಬಂದೂಕು ಮಾಮಾ," ಅಂದ ನಾಗಲಿಂಗ. "ಸಣ್ಣ ಗುಂಡು ಕಾಳಿನಂಗ ಚೆಲ್ಲತಾವ, ಎಣಿಸಿ ಹಾರಂಗಿಲ್ಲ."

ಒಂದೇ ಢಂ. ಹೊಗೆ ಇಳಿದ ಮೇಲೆ ಎಣಿಸಿದರೆ ಇಪ್ಪತ್ಮೂರು, ತೂತಿನ ಅಂಚೆಲ್ಲ ಸುಟ್ಟು ಕರ್ರಗೆ.

ಸಂಜೆ ಅಂಗಡಿಗೆ ಬಂದ ಸುಭೇದಾರ ನಿಶಾನೆ ಬಿಡಿಸಿ, ಬೆಳಕಿಗೆ ಹಿಡಿದು, ತಿರುಗಿಸಿ ಮತ್ತೆ ಹಿಡಿದ. ದುಂಡಪ್ಪ ಮಾಸ್ತರರ ಸಲಹೆಯಿಂದ ಹಿಡಿದು ಹಂಚಿನ ಕಾರ್ಖಾನೆಯ ತನಕ ಎಲ್ಲ ಒಪ್ಪಿಸಿದ. "ಏಳು ಇದ್ದವು, ಇಪ್ಪತ್ಮೂರು ಆಗ್ಯಾವ್ರಿ. ಹೆಚ್ಚಿನವಕ್ಕ ನಾ ರೊಕ್ಕಾ ಏನೂ ಕೇಳಂಗಿಲ್ಲ."

"ಅವು ಇಲಿ ಕಡದ ತೂತೋ ಯಪ್ಪಾ," ಅಂದ ಸುಭೇದಾರ. "ಊರಿಗೆ ಒಯ್ಯಾಕ ತಂದ ಕುಂದಾ ಮಿಠಾಯಿ ನಿಶಾನಿ ಇದ್ದ ಟ್ರಂಕಿನ್ಯಾಗ ಇಟ್ಟಿದ್ದೆ. ತಮ್ಮ ನಿಶಾನಿಗೆ ಒಂದು ಗುಂಡೂ ತಾಕಿಲ್ಲ ಅಂತ ಸಾಹೇಬ್ರು ಊರೆಲ್ಲ ಭಾಷಣ ಮಾಡ್ಯಾರ. ನಾಳೆ ಮುಂಜಾನಿ ಎಂಟಕ್ಕ ಅವರೇ ನೋಡಾಕ ಬರ್ತಾರ."

ಅಲ್ಲೇ ಕೂತಿದ್ದ ಪಾರೀಸ ಮಾಸ್ತರರು ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಎದ್ದು ಹೋದರು. ಏಳಕ್ಕೆ ನಾಲ್ಕು ದಿನವಾದರೆ ಇಪ್ಪತ್ಮೂರಕ್ಕೆ ಎಷ್ಟೆಂದು ದುಂಡಪ್ಪ ಬೆರಳು ಮಡಿಸತೊಡಗಿ, ಅರ್ಧಕ್ಕೇ ಬಿಟ್ಟ.

ಸುಭೇದಾರ ನಿಶಾನೆ ಮಡಿಸಿದ. ಟೊಪ್ಪಿಗೆ ತೆಗೆದು ಅದರ ಮೇಲಿಟ್ಟ. ಆಮೇಲೆ ಮೆಲ್ಲಗೆ ಕೇಳಿದ:

"ಆ ಹಂಚಿನ ಕಾರ್ಖಾನ್ಯಾಗ ಇಬ್ಬರಿಗೆ ಜಾಗಾ ಐತೇನ್ರಿ?"