ರೊಟ್ಟಿ ಬಡಿಯುವ ಹೊತ್ತಿನ ಭೂಕಂಪ

ನಮ್ಮ ಅತ್ತೆಯ ಅಪ್ಪಣೆಯಿಲ್ಲದೆ ಗೋವಾದ ಸಾಂಗೆ ತಾಲೂಕಿನಲ್ಲಿ ಭೂಮಿ ನಡುಗುತ್ತಿರಲಿಲ್ಲ! ದೇಶದ ವೀಕ್ಷಣಾಲಯಗಳ ಸೂಜಿಗಳೆಲ್ಲ ತೆಪ್ಪಗೆ ಕುಳಿತಿರುವಾಗ, ಮ್ಯಾಂಗನೀಸ್ ಗಣಿಯ ಪಕ್ಕದ ತಗಡಿನ ಸೂರಿನಡಿಯಲ್ಲಿ ಆಕೆ ಮಾತ್ರ ದಿನಕ್ಕೊಂದು ಭೂಕಂಪವನ್ನು ಘೋಷಿಸದೆ ಉಣ್ಣುತ್ತಿರಲಿಲ್ಲ.

ಅತ್ತೆಯೆಂದರೆ ನನ್ನ ತಂದೆಯ ಅಕ್ಕ. ವಿಜಾಪುರದ ಕಡೆಯಿಂದ ಮದುವೆಯಾಗಿ ಬಂದು, ಅರ್ಧ ಆಯುಷ್ಯವನ್ನು ಅದಿರಿನ ರಾಶಿಯ ಮುಂದೆ ಕುಳಿತು ಕಲ್ಲು ಬೇರೆ, ಅದಿರು ಬೇರೆ ಮಾಡುವುದರಲ್ಲಿ ಕಳೆದವಳು. ಗಣಿ ಅವಳನ್ನು ಬಿಟ್ಟ ಮೇಲೆ ಪೇಟೆಯ ಖಾನಾವಳಿಗೆ ಜೋಳದ ರೊಟ್ಟಿ ಕೊಡುತ್ತಿದ್ದಳು. ಆ ರೊಟ್ಟಿಯೋ, ಕೈವಾರ ಹಿಡಿದು ಎಳೆದಂತೆ ದುಂಡಗೆ! ಅದೇ ಆಕೆಯ ಅನ್ನ, ಅದೇ ಆಕೆಯ ಮಾನ. ಅಂಥ ರೊಟ್ಟಿ ಒಂದು ವರ್ಷ ಇದ್ದಕ್ಕಿದ್ದಂತೆ ಅಂಚಿನಲ್ಲಿ ಹರಿಯತೊಡಗಿತು. ಆಮೇಲೆ ನಡುವಿನಲ್ಲಿ. ಆಮೇಲೆ ಯಾವುದು ಅಂಚು, ಯಾವುದು ನಡು ಎಂಬುದೇ ತಿಳಿಯದಾಯಿತು.

ಖಾನಾವಳಿಯ ಮಾಲೀಕರು ಬಾಗಲಕೋಟೆಯ ಕಡೆಯ ಸಾಹೇಬರು, ಸಜ್ಜನರು. ಒಂದು ದಿನ ಬುಟ್ಟಿ ಹಿಡಿದುಕೊಂಡು ತಾವೇ ಬಂದರು.

"ಮಾವಶಿ, ಈ ರೊಟ್ಟಿ ತಿನ್ನಾಕ ಕೊಟ್ಟೀರೋ, ಜೋಡಿಸಾಕ ಕೊಟ್ಟೀರೋ?"

"ಭೂಮಿ ನಡಗಿದ್ರ ನಾ ಏನ್ ಮಾಡ್ಲೋ?" ಎಂದಳು ಅತ್ತೆ.

"ಹಂಗಾರ ನನ್ನ ಅಂಗಡ್ಯಾಗಿನ ಬರಣಿ ಯಾಕ ಬಿದ್ದಿಲ್ರಿ?"

"ನಿನ್ನ ಬರಣಿ ತುಂಬ ಉಪ್ಪಿನಕಾಯಿ ಐತಿ, ಭಾರಕ್ಕ ಕುಂತೈತಿ. ಬಡವರ ರೊಟ್ಟಿಗೆ ಭಾರ ಎಲ್ಲಿಂದ ತರೂಣು?"

ಸಾಹೇಬರು ನಕ್ಕರು. ನಕ್ಕು, "ಚೌತಿ ತನಕ ನೋಡ್ತೀನ್ರಿ. ಆಮ್ಯಾಲ ನಾ ಬ್ಯಾರೆ ಕಡೆ ಹೇಳಬೇಕಾಗ್ತೈತಿ. ಸಿಟ್ಟಾಗಬ್ಯಾಡ್ರಿ" ಎಂದು ಹೊರಟುಹೋದರು.

ಆಗ ನನಗೆ ಕರೆ ಬಂತು. ನಾನು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿ ಮುಗಿಸಿದ್ದೆ. ಅತ್ತೆಯ ದೃಷ್ಟಿಯಲ್ಲಿ ಭೂಮಿಯ ಪರವಾಗಿ ಜವಾಬು ಕೊಡಬೇಕಾದವಳು ನಾನೇ! "ತಪ್ಪು ಭೂಮಿದು, ನನ್ನ ಕೈದಲ್ಲ ಅಂತ ಸಾಬೀತು ಮಾಡಿ ಕೊಡವ್ವ. ಅಷ್ಟಾದ್ರ ಸಾಕು" ಎಂದಳು.

ನಾನು ಪಾಠ ಆರಂಭಿಸಿದೆ. ಭೂಕಂಪವನ್ನು ವಿಜ್ಞಾನಿಗಳು ಎರಡು ಬಗೆಯಲ್ಲಿ ಅಳೆಯುತ್ತಾರೆ. ಒಗ್ಗರಣೆಗೆ ಎಷ್ಟು ಮೆಣಸಿನಕಾಯಿ ಬಿತ್ತು ಎಂಬುದು ಒಂದು ಲೆಕ್ಕ. ಅದು ಪರಿಮಾಣ, ಇಡೀ ಕಂಪಕ್ಕೆ ಒಂದೇ ಅಂಕಿ. ಯಾವ ಕೋಣೆಯಲ್ಲಿ ಯಾರು ಎಷ್ಟು ಸೀನಿದರು ಎಂಬುದು ಇನ್ನೊಂದು ಲೆಕ್ಕ. ಅದು ತೀವ್ರತೆ, ಊರಿಗೊಂದು, ಮನೆಗೊಂದು. ಅದಕ್ಕೆ ಹನ್ನೆರಡು ಮೆಟ್ಟಿಲು. ತೂಗುಹಾಕಿದ್ದು ಅಲ್ಲಾಡಿದರೆ ಮೂರನೆಯದು, ಪಾತ್ರೆ ಗಡಗಡಿಸಿದರೆ ನಾಲ್ಕನೆಯದು, ಏನೂ ಉಳಿಯದಿದ್ದರೆ ಹನ್ನೆರಡನೆಯದು.

"ರೊಟ್ಟಿ ಹರದ್ರ?"

"ಅದು ಯಾವ ಮೆಟ್ಟಿಲಿನಾಗೂ ಇಲ್ಲ ಅತ್ತಿ."

"ಹಂಗಾರ ಆ ಶಾಣ್ಯಾರು ರೊಟ್ಟಿ ತಿಂದವರಲ್ಲ, ಬಿಡು!"

ಬೇಸಿಗೆಯಲ್ಲಿ ಗಣಿಯ ಸಿಡಿಮದ್ದು ಗೋಡೆಗಳನ್ನು ಅಲುಗಿಸುತ್ತಿದ್ದುದು ನಿಜ. ಒಮ್ಮೆ ಗಣಿಯವರು ಯಂತ್ರ ತಂದಿಟ್ಟು, ಕಂಪನ ಮಿತಿಯೊಳಗಿದೆ ಎಂದು ಸಾರಿ ಹೋಗಿದ್ದರು. ಆದರೆ ಈಗ ಮಳೆಗಾಲ. ಸಿಡಿಮದ್ದು ನಿಂತಿತ್ತು, ಲಾರಿಗಳೂ ನಿಂತಿದ್ದವು. ಭೂಕಂಪ ಮಾತ್ರ ನಿಂತಿರಲಿಲ್ಲ! ಅದಕ್ಕೆ ಒಂದು ಅಪೂರ್ವ ಶಿಸ್ತೂ ಇತ್ತು: ಅತ್ತೆ ರೊಟ್ಟಿ ಬಡಿಯಲು ಕುಳಿತಾಗ ಬರುತ್ತಿತ್ತು, ಎದ್ದಾಗ ಹೋಗುತ್ತಿತ್ತು. ಅಡುಗೆಯ ವೇಳಾಪಟ್ಟಿಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಭೂಕಂಪವನ್ನು ನನ್ನ ಯಾವ ಪಠ್ಯಪುಸ್ತಕ ವರ್ಣಿಸಿತ್ತು?

ಕೊನೆಗೆ ನಾನೇ ಒಂದು ಕಂಪನಲೇಖಿಯನ್ನು ಕಟ್ಟಿದೆ. ತತ್ವ ಸರಳ: ತೂಗುಬಿಟ್ಟ ಭಾರ ಅಲುಗದೆ ನಿಲ್ಲುತ್ತದೆ, ಸುತ್ತಲಿನ ನೆಲ ಅಲುಗುತ್ತದೆ, ಭಾರಕ್ಕೆ ಕಟ್ಟಿದ ಪೆನ್ನು ಆ ವ್ಯತ್ಯಾಸವನ್ನು ಗೀಚುತ್ತದೆ. ಮರದ ಚೌಕಟ್ಟು ನಿಲ್ಲಿಸಿ, ಅದರಿಂದ ಅತ್ತೆಯ ಒರಳಿನ ಗುಂಡುಕಲ್ಲನ್ನು ಇಳಿಬಿಟ್ಟೆ. "ಕಲ್ಲು ನಂದೈತಿ, ಸುಳ್ಳು ಹೇಳೂದಿಲ್ಲ" ಎಂದು ಆಕೆ ಅದಕ್ಕೆ ಕುಂಕುಮ ಹಚ್ಚಿದಳು. ನಾನು ಪೆನ್ನಿನ ಕೆಳಗೆ ಕಾಗದದ ಪಟ್ಟಿಯನ್ನು ಮೆಲ್ಲಗೆ ಎಳೆಯುತ್ತ ಕುಳಿತೆ. ಆಕೆ ಒಲೆಯ ಮುಂದೆ ಹಿಟ್ಟು ಬಡಿಯತೊಡಗಿದಳು.

"ಬಂತು! ಬಂತು ನೋಡು!"

ಪೆನ್ನು ನೇರಗೆರೆ ಎಳೆಯುತ್ತಿತ್ತು.

"ಏನೂ ಇಲ್ಲ ಅತ್ತಿ."

"ಏನೂ ಇಲ್ಲ ಅಂದ್ರ? ರೊಟ್ಟಿ ಹರದೇ ಹೋತಲ್ಲ! ನಿನ್ನ ಡಬ್ಬಿಗೆ ಕಿವಿ ಕೇಳೂದಿಲ್ಲೇನು?" ಎನ್ನುತ್ತ ಎದ್ದು ಬಂದು, ಮಗುವನ್ನು ಬೈಯುವಾಗ ತೋಳು ಹಿಡಿಯುವಂತೆ ಚೌಕಟ್ಟಿನ ಕಾಲನ್ನು ಹಿಟ್ಟಿನ ಕೈಯಲ್ಲೇ ಹಿಡಿದಳು.

ಪೆನ್ನು ನಡುಗತೊಡಗಿತು. ಸಣ್ಣ ಸಣ್ಣ ಅಲೆಗಳು, ಒಂದರ ಹಿಂದೊಂದು, ಬಿಡುವಿಲ್ಲದೆ.

ಅತ್ತೆಯ ಮುಖ ಅರಳಿತು. "ನಾ ಹೇಳಿದ್ದಿಲ್ಲೇನು? ಈಗರ ಬಂತಿಲ್ಲೋ?"

ನಾನು ಅವಳ ಕೈಯನ್ನು ನೋಡಿದೆ. "ಬಂತು ಅತ್ತಿ" ಎಂದೆ.

ಭೂಕಂಪದ ಕೇಂದ್ರ ಎಲ್ಲಿದೆಯೆಂದು ಕಂಡುಹಿಡಿಯಲು ಒಂದು ಠಾಣೆ ಸಾಲದು, ಕಡೇಪಕ್ಷ ಮೂರು ಬೇಕು. ಉಳಿದೆರಡು ಠಾಣೆಗಳನ್ನು ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಅದೇ ಸಾಲುಮನೆಗಳಲ್ಲಿ, ಅತ್ತೆಯ ಜೊತೆ ಅದೇ ರಾಶಿಯ ಮುಂದೆ ಅದಿರು ಆರಿಸಿದ್ದ ಇಬ್ಬರು ಹೆಂಗಸರಿದ್ದರು. ಒಬ್ಬಳು ಚಹಾದ ಕಪ್ಪನ್ನು ಎರಡು ಕೈಯಲ್ಲಿ ಹಿಡಿದೂ ಚೆಲ್ಲಿಕೊಂಡಳು. ಇನ್ನೊಬ್ಬಳು ಸೂಜಿಗೆ ದಾರ ಹಾಕುವುದನ್ನು ಎಂದೋ ಬಿಟ್ಟಿದ್ದಳು. ಅವಳಿಗೆ ನಲವತ್ತೂ ತುಂಬಿರಲಿಲ್ಲ. ಮೂರು ಗೆರೆಗಳೂ ಒಂದೇ ಕಡೆ ಹೋಗಿ ಸೇರಿದವು. ವರ್ಷಗಟ್ಟಲೆ ಮ್ಯಾಂಗನೀಸ್ ಧೂಳು ಕುಡಿದರೆ ನರಗಳು ಹೀಗೆ ಕೆಡಬಹುದು, ಇವರನ್ನು ಮೊದಲೇ ಪರೀಕ್ಷಿಸಬೇಕಿತ್ತು ಎಂದರು, ನಾನು ಹೋಗಿ ಕೇಳಿದ ಪೇಟೆಯ ವೈದ್ಯರು.

ಯಾರು ಪರೀಕ್ಷಿಸಬೇಕಿತ್ತು? ಗಣಿಯ ಕಚೇರಿಗೆ ಹೋಗಿ ನಾನು ಕೇಳಿದ್ದೂ ಇದನ್ನೇ. "ವಯಸ್ಸಾದ ಮೇಲೆ ಕೈ ನಡುಗುತ್ತದೆ, ಮೇಡಂ" ಎಂದು ಅಲ್ಲಿಯ ಅಧಿಕಾರಿ ಸಮಾಧಾನ ಹೇಳಿದ. ಗುಡ್ಡ ನಡುಗಿದರೆ ಅಳೆಯಲು ಯಂತ್ರ ತರುವವರು, ಗುಡ್ಡದ ಅದಿರು ಆರಿಸಿಕೊಟ್ಟ ಕೈ ನಡುಗಿದರೆ ವಯಸ್ಸು ಕೇಳುತ್ತಾರೆ! ಮೂತಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆಯನ್ನಾದರೂ ಕೊಟ್ಟಿದ್ದಿರಾ ಎಂದೆ. ಆತ ಗಡಿಯಾರ ನೋಡಿದ. ಅತ್ತೆಯ ಸೆರಗೇ ಅವಳ ಮುಖಗವಸು ಆಗಿತ್ತೆಂಬುದು ನನಗೆ ಗೊತ್ತಿತ್ತು; ಅವನಿಗೂ ಗೊತ್ತಿತ್ತು. ಯಾರು ಪರೀಕ್ಷಿಸಬೇಕಿತ್ತು ಎಂಬ ಪ್ರಶ್ನೆಯನ್ನು ನಾನು ಇಲ್ಲಿ ಮತ್ತೆ ಕೇಳುತ್ತಿದ್ದೇನೆ, ಉತ್ತರ ಬರುವವರೆಗೂ ಕೇಳುತ್ತೇನೆ.

ಸಂಜೆ ಮನೆಗೆ ಬಂದಾಗ ಅತ್ತೆ ಒಲೆಯ ಮುಂದಿದ್ದಳು.

"ಏನಂದ್ರು? ಭೂಮಿದು ತಪ್ಪು ಅಂದ್ರೋ, ನಂದು ಅಂದ್ರೋ?"

"ನಿಂದಲ್ಲ ಅತ್ತಿ."

"ಹಂಗಂತ ಅವರು ಅಂದ್ರೇನು?"

ನಾನು ಒಲೆಗೆ ಒಂದು ಕಟ್ಟಿಗೆ ನೂಕಿದೆ. ಆಕೆ ಹಿಟ್ಟಿನ ಉಂಡೆಯನ್ನು ಮಣೆಯ ಮೇಲಿಟ್ಟು ಬಡಿಯತೊಡಗಿದಳು. ಅಂಚು ಹರಿಯಿತು. ಕೂಡಿಸಿದಳು. ಮತ್ತೆ ಹರಿಯಿತು. ನಾನು ಪಕ್ಕದಲ್ಲಿ ಕುಳಿತು, ಅವಳ ಎರಡೂ ಕೈಗಳನ್ನು ನನ್ನ ಕೈಗಳೊಳಗೆ ಬಿಗಿಯಾಗಿ ಹಿಡಿದುಕೊಂಡೆ. ಆಕೆ ನೆಲಕ್ಕೆ ಕಿವಿಗೊಟ್ಟವಳಂತೆ ತಲೆ ಬಾಗಿಸಿದಳು.

"ನಿಂತ್ತು ನೋಡವ್ವ, ಭೂಮಿ" ಎಂದಳು.

ಹಂಚಿನ ಮೇಲೆ ಮೊದಲೇ ಹಾಕಿದ್ದ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ನಾನು ಕೈ ಬಿಡಲಿಲ್ಲ.